ಮನೆಯ ಚಲನಚಿತ್ರ ಸುರುಳಿಗಳ ಡಿಜಿಟಲ್ ಪರಿವರ್ತನೆ: ಸ್ಟುಡಿಯೋ ಉದ್ಯಮಿಗಳಿಗೊಂದು ಅಧ್ಯಯನ ಪಾಠ

ಮೊಬೈಲ್ ದೂರವಾಣಿಯಲ್ಲಿಯೇ ಉತ್ತಮ ಕ್ಯಾಮೆರಾ ದೊರೆಯತೊಡಗಿದ ಮೇಲೆ ಛಾಯಾಚಿತ್ರ ಸ್ಟುಡಿಯೋಗಳ ಪಾರಂಪರಿಕ ವ್ಯವಹಾರ ಗಣನೀಯವಾಗಿ ಕುಗ್ಗಿದೆ ಎಂಬುದು ನಮ್ಮ ಸದಸ್ಯರಲ್ಲಿ ಯಾರಿಗೂ ಹೊಸ ವಿಷಯವಲ್ಲ. ಈ ಪರಿಸ್ಥಿತಿಯಲ್ಲಿ ಹೊಸ ಸೇವೆಗಳನ್ನು ಅರಸುತ್ತಿರುವ ಸ್ಟುಡಿಯೋ ಮಾಲೀಕರ ಮುಂದಿರುವ ಅವಕಾಶಗಳಲ್ಲಿ, ಹಳೆಯ ಚಲನಚಿತ್ರ ಸುರುಳಿಗಳನ್ನು ಡಿಜಿಟಲ್ ರೂಪಕ್ಕೆ ಪರಿವರ್ತಿಸಿಕೊಡುವ ಸೇವೆಯೂ ಒಂದು. ವಿಡಿಯೋ ಕ್ಯಾಸೆಟ್ ಬಳಕೆಗೆ ಬರುವ ಮುನ್ನ ಕ್ಯಾಮೆರಾ ಕೊಳ್ಳುವ ಶಕ್ತಿಯಿದ್ದ ಕುಟುಂಬಗಳೂ ಸಂಸ್ಥೆಗಳೂ ಮದುವೆ, ನಾಮಕರಣ, ಪ್ರವಾಸ, ಕಾರ್ಖಾನೆಯ ಉದ್ಘಾಟನೆ ಮುಂತಾದ ಪ್ರಸಂಗಗಳನ್ನು 8 ಮಿ.ಮೀ. ಅಥವಾ 16 ಮಿ.ಮೀ. ಫಿಲ್ಮಿನಲ್ಲಿ ಚಿತ್ರೀಕರಿಸಿಕೊಂಡವು. ಅವುಗಳನ್ನು ತೋರಿಸುವ ಪ್ರೊಜೆಕ್ಟರುಗಳು ಕೆಟ್ಟು ಮೂಲೆ ಸೇರಿವೆ. ಸುರುಳಿಗಳು ಮಾತ್ರ ಅಟ್ಟದ ಮೇಲೆ, ಬೀರುವಿನೊಳಗೆ ಉಳಿದಿವೆ.

ಈ ಸೇವೆಯನ್ನು ಕೇವಲ ಯಂತ್ರದ ಕೆಲಸವೆಂದು ಭಾವಿಸಿ ಆರಂಭಿಸುವವರು ಒಂದು ಮೂಲಭೂತ ಸಂಗತಿಯನ್ನು ಮೊದಲೇ ತಿಳಿದಿರಬೇಕು. ಮನೆಯ ಚಿತ್ರೀಕರಣಕ್ಕೆ ಬಳಕೆಯಾದದ್ದು ಬಹುತೇಕ ‘ರಿವರ್ಸಲ್’ ಜಾತಿಯ ಫಿಲ್ಮು. ಅಂದರೆ, ಕ್ಯಾಮೆರಾದೊಳಗೆ ಬೆಳಕು ಕಂಡ ಪಟ್ಟಿಯೇ ಸಂಸ್ಕರಣೆಗೊಂಡು ಪ್ರೊಜೆಕ್ಟರಿಗೆ ಏರುತ್ತಿತ್ತು. ಛಾಯಾಚಿತ್ರಕ್ಕಿರುವಂತೆ ಅದಕ್ಕೆ ನೆಗೆಟಿವ್ ಇಲ್ಲ. ಗ್ರಾಹಕರು ತಂದೊಪ್ಪಿಸುವ ಸುರುಳಿಯೇ ಸಾಮಾನ್ಯವಾಗಿ ಆ ಚಿತ್ರದ ಏಕೈಕ ಪ್ರತಿ. ಅದು ಹಾಳಾದರೆ ಯಾವ ಬೆಲೆ ತೆತ್ತರೂ ಮತ್ತೊಂದು ದೊರೆಯದು. ಈ ಲೇಖನದ ಎಲ್ಲ ಸೂಚನೆಗಳಿಗೂ ಇದೇ ಆಧಾರ.

ಮನೆಯ ಚಿತ್ರದ ಬೆಲೆ

ಇಂತಹ ಸುರುಳಿಗಳ ಮೌಲ್ಯ ತೆಗೆದವರಿಗೂ ಮೊದಲು ತಿಳಿದಿರುವುದಿಲ್ಲ. ವ್ಯಾಪಾರ ವರ್ಗಕ್ಕೆ ಸೇರಿದ ಇಬ್ಬರ ಉದಾಹರಣೆಗಳು ಇಲ್ಲಿ ಉಲ್ಲೇಖಾರ್ಹ. ಅಮೆರಿಕದ ಡಲ್ಲಾಸ್ ನಗರದ ಸಿದ್ಧ ಉಡುಪು ತಯಾರಕ ಅಬ್ರಹಾಂ ಝಪ್ರೂಡರ್ 1963ರ ನವೆಂಬರ್ 22ರಂದು ತಮ್ಮ 8 ಮಿ.ಮೀ. ಕ್ಯಾಮೆರಾದಿಂದ ಅಧ್ಯಕ್ಷ ಕೆನಡಿಯವರ ಮೆರವಣಿಗೆಯನ್ನು ಚಿತ್ರೀಕರಿಸುತ್ತಿದ್ದಾಗ ಅಧ್ಯಕ್ಷರ ಹತ್ಯೆ ನಡೆಯಿತು. ಸುಮಾರು 26 ಸೆಕೆಂಡುಗಳ, 486 ಫ್ರೇಮುಗಳ ಆ ಮೂಲ ಸುರುಳಿಗೆ ಪರಿಹಾರವಾಗಿ ಅಮೆರಿಕ ಸರ್ಕಾರವು ಅವರ ಕುಟುಂಬಕ್ಕೆ 1.6 ಕೋಟಿ ಡಾಲರ್ ನೀಡಬೇಕೆಂದು 1999ರಲ್ಲಿ ಪಂಚಾಯ್ತಿ ಮಂಡಳಿಯು ತೀರ್ಮಾನಿಸಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜಪಾನಿ ಮೂಲದ ಅಮೆರಿಕನ್ನರನ್ನು ಬಂಧಿಸಿಟ್ಟಿದ್ದ ಯೂಟಾ ರಾಜ್ಯದ ಟೋಪಾಜ್ ಶಿಬಿರದಲ್ಲಿ ಡೇವ್ ತಾತ್ಸುನೋ ಎಂಬ ವರ್ತಕರು ಅಲ್ಲಿನ ದೈನಂದಿನ ಬದುಕನ್ನು ಗುಟ್ಟಾಗಿ 8 ಮಿ.ಮೀ. ಬಣ್ಣದ ಫಿಲ್ಮಿನಲ್ಲಿ ಸೆರೆಹಿಡಿದರು. 1996ರಲ್ಲಿ ಆ ಚಿತ್ರವು ಅಮೆರಿಕದ ರಾಷ್ಟ್ರೀಯ ಚಲನಚಿತ್ರ ನೋಂದಣಿಗೆ ಸೇರಿತು.

ನಮ್ಮ ದೇಶದ ಮಟ್ಟಿಗೂ ಇದು ಸತ್ಯ. ಬ್ರಿಟಿಷ್ ಆಳ್ವಿಕೆಯ ಕಾಲದಲ್ಲಿ ಇಲ್ಲಿ ನೆಲೆಸಿದ್ದ ಕುಟುಂಬಗಳು ತೆಗೆದ ಮನೆಯ ಚಿತ್ರಗಳನ್ನು ಕೇಂಬ್ರಿಜ್ ವಿಶ್ವವಿದ್ಯಾನಿಲಯದ ದಕ್ಷಿಣ ಏಷ್ಯಾ ಅಧ್ಯಯನ ಕೇಂದ್ರವು ಸಂಗ್ರಹಿಸಿಟ್ಟಿದೆ. ಸಂಶೋಧಕರು ಅವನ್ನು ಆಕರವಾಗಿ ಬಳಸುತ್ತಾರೆ. ನಮ್ಮ ಸದಸ್ಯ ಸಂಸ್ಥೆಗಳ ದಾಸ್ತಾನು ಕೊಠಡಿಯಲ್ಲಿರುವ ಒಂದು ಡಬ್ಬಿಯೂ ಆ ಉದ್ದಿಮೆಯ ಮೊದಲ ದಿನಗಳ ಏಕೈಕ ದಾಖಲೆಯಾಗಿರಬಹುದು.

ಮೊದಲ ಪಾಠ: ಸುರುಳಿಯನ್ನು ಗುರುತಿಸುವುದು

ಕೆಲಸ ಒಪ್ಪಿಕೊಳ್ಳುವ ಮೊದಲು ಫಿಲ್ಮಿನ ಅಳತೆಯನ್ನು ನಿಖರವಾಗಿ ಗುರುತಿಸತಕ್ಕದ್ದು. ಮುಖ್ಯವಾಗಿ ನಾಲ್ಕು ಬಗೆಗಳು ಎದುರಾಗುತ್ತವೆ.

1) 9.5 ಮಿ.ಮೀ.: ಫ್ರಾನ್ಸಿನ ಪಾಥೆ ಸಂಸ್ಥೆ 1922ರಲ್ಲಿ ಪರಿಚಯಿಸಿದ್ದು. ಇದರ ರಂಧ್ರಗಳು ಪಟ್ಟಿಯ ನಡುವೆ, ಎರಡು ಫ್ರೇಮುಗಳ ಮಧ್ಯದಲ್ಲಿರುತ್ತವೆ.

2) 16 ಮಿ.ಮೀ.: ಕೊಡಕ್ ಸಂಸ್ಥೆ 1923ರಲ್ಲಿ ಹೊರತಂದಿತು. ರಂಧ್ರಗಳು ಒಂದು ಅಥವಾ ಎರಡೂ ಅಂಚಿನಲ್ಲಿರುತ್ತವೆ. ಸಂಸ್ಥೆಗಳ ಚಿತ್ರಗಳು ಹೆಚ್ಚಾಗಿ ಈ ಅಳತೆಯವು.

3) ಸಾಮಾನ್ಯ 8 ಮಿ.ಮೀ.: 1932ರಲ್ಲಿ ಬಂದದ್ದು. 16 ಮಿ.ಮೀ. ಅಗಲದ 25 ಅಡಿ ಪಟ್ಟಿಯ ಒಂದು ಪಾರ್ಶ್ವವನ್ನು ಒಮ್ಮೆ, ಮತ್ತೊಂದು ಪಾರ್ಶ್ವವನ್ನು ಇನ್ನೊಮ್ಮೆ ಚಿತ್ರೀಕರಿಸಿ, ಸಂಸ್ಕರಣೆಯ ನಂತರ ಉದ್ದಕ್ಕೆ ಸೀಳಿ 50 ಅಡಿಯಾಗಿ ಜೋಡಿಸಲಾಗುತ್ತಿತ್ತು. ರಂಧ್ರಗಳು ದೊಡ್ಡವು, ಎರಡು ಫ್ರೇಮುಗಳು ಕೂಡುವ ಗೆರೆಯ ನೇರಕ್ಕಿರುತ್ತವೆ. ಸುರುಳಿಯ ನಡುವಿನ ತೂತು ಚಿಕ್ಕದು.

4) ಸೂಪರ್ 8: 1965ರಲ್ಲಿ ಬಂದದ್ದು. ರಂಧ್ರಗಳು ಚಿಕ್ಕವು, ಪ್ರತಿ ಫ್ರೇಮಿನ ಮಧ್ಯಭಾಗದ ನೇರಕ್ಕಿರುತ್ತವೆ. ಸುರುಳಿಯ ನಡುವಿನ ತೂತು ದೊಡ್ಡದು. 1973ರ ನಂತರದ ಕೆಲವು ಸುರುಳಿಗಳ ಅಂಚಿನಲ್ಲಿ ಕಂದು ಬಣ್ಣದ ಕಾಂತೀಯ ಧ್ವನಿಪಟ್ಟಿ ಇರುತ್ತದೆ.

ಕೊನೆಯ ಎರಡರ ಅಗಲ ಒಂದೇ ಆಗಿರುವುದರಿಂದ ಅವುಗಳನ್ನು ಅದಲುಬದಲು ಮಾಡಿ ಯಂತ್ರಕ್ಕೆ ಏರಿಸುವ ಅಪಾಯವುಂಟು. ಹಾಗೆ ಮಾಡಿದಲ್ಲಿ ಯಂತ್ರದ ಹಲ್ಲುಗಳು ಫಿಲ್ಮಿನ ಅಂಚನ್ನು ಹರಿಯುತ್ತವೆ.

ಈ ಹವ್ಯಾಸಿ ಅಳತೆಗಳ ಫಿಲ್ಮುಗಳು ಸುಲಭವಾಗಿ ಹೊತ್ತಿಕೊಳ್ಳದ ‘ಸೇಫ್ಟಿ’ ಆಧಾರದ ಮೇಲೆಯೇ ತಯಾರಾದವು. ಆದರೆ 35 ಮಿ.ಮೀ. ಸುರುಳಿಯನ್ನು ಯಾರಾದರೂ ತಂದಲ್ಲಿ ಎಚ್ಚರಿಕೆ ಅಗತ್ಯ. 1950ರ ದಶಕದ ಆರಂಭದವರೆಗೆ ಅವು ನೈಟ್ರೇಟ್ ಆಧಾರದ ಮೇಲೆ ತಯಾರಾಗುತ್ತಿದ್ದವು. ನೈಟ್ರೇಟ್ ಹೊತ್ತಿಕೊಂಡರೆ ಉರಿಗೆ ಬೇಕಾದ ಆಮ್ಲಜನಕವನ್ನು ತಾನೇ ಒದಗಿಸಿಕೊಳ್ಳುವುದರಿಂದ ಅದನ್ನು ನಂದಿಸುವುದು ದುಸ್ತರ. 2003ರ ಜನವರಿಯಲ್ಲಿ ಪುಣೆಯಲ್ಲಿ ಸಂಭವಿಸಿದ ಬೆಂಕಿಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದ ನೈಟ್ರೇಟ್ ಚಿತ್ರಗಳು ನಾಶವಾದವು. ಇಂತಹ ಸುರುಳಿಗಳನ್ನು ಅಂಗಡಿಯಲ್ಲಿ ಇರಿಸಿಕೊಳ್ಳದೆ ಪರಿಣತ ಸಂಗ್ರಹಾಲಯವನ್ನು ಸಂಪರ್ಕಿಸುವಂತೆ ಗ್ರಾಹಕರಿಗೆ ಸೂಚಿಸುವುದು ಯುಕ್ತ.

ಎರಡನೆಯ ಪಾಠ: ಸ್ಥಿತಿ ಪರೀಕ್ಷೆ

ಡಬ್ಬಿಯ ಮುಚ್ಚಳ ತೆರೆದೊಡನೆ ಮೊದಲ ಪರೀಕ್ಷೆ ಮೂಗಿನದು. ವಿನಿಗರ್‌ನ ಹುಳಿ ವಾಸನೆ ಬಂದರೆ ಫಿಲ್ಮಿನ ಅಸಿಟೇಟ್ ಆಧಾರವು ಕೊಳೆಯತೊಡಗಿದೆ ಎಂದರ್ಥ. ಶಾಖ ಮತ್ತು ತೇವಾಂಶಗಳಿಂದ ಅಸಿಟೇಟ್ ವಿಘಟನೆಗೊಂಡು ಅಸಿಟಿಕ್ ಆಮ್ಲ ಹೊರಬರುತ್ತದೆ; ಆ ಆಮ್ಲವೇ ವಿಘಟನೆಯನ್ನು ಮತ್ತಷ್ಟು ತ್ವರೆಗೊಳಿಸುತ್ತದೆ. ಅಮೆರಿಕದ ಇಮೇಜ್ ಪರ್ಮನೆನ್ಸ್ ಇನ್‌ಸ್ಟಿಟ್ಯೂಟ್ ನಡೆಸಿದ ಅಧ್ಯಯನದ ಪ್ರಕಾರ, 21 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಹಾಗೂ ಶೇ. 50ರಷ್ಟು ಸಾಪೇಕ್ಷ ತೇವಾಂಶದಲ್ಲಿಟ್ಟ ಹೊಸ ಅಸಿಟೇಟ್ ಫಿಲ್ಮಿನಲ್ಲಿ ಈ ವಿಕಾರ ತೋರಲು ಸುಮಾರು 40 ವರ್ಷ ಬೇಕು. ಶಾಖ ಮತ್ತು ತೇವ ಹೆಚ್ಚಿದಷ್ಟೂ ಈ ಅವಧಿ ಕುಗ್ಗುತ್ತದೆ. ಮಂಗಳೂರು, ಕಾರವಾರಗಳಂತಹ ಕರಾವಳಿ ಊರುಗಳ ಹವೆಯನ್ನು ಬಲ್ಲವರಿಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ. 1970ರ ಸುರುಳಿಗೆ ಇಂದು ಅರ್ಧ ಶತಮಾನ ಮೀರಿದೆ. ವಾಸನೆಯುಳ್ಳ ಸುರುಳಿಗಳನ್ನು ಇತರ ಗ್ರಾಹಕರ ಸುರುಳಿಗಳಿಂದ ತಕ್ಷಣ ಬೇರ್ಪಡಿಸಬೇಕು. ಆಮ್ಲದ ಆವಿಯು ಪಕ್ಕದ ಫಿಲ್ಮಿಗೂ ಹಾನಿ ಮಾಡುತ್ತದೆ. ಸರದಿಯನ್ನು ಬದಿಗಿಟ್ಟು ಅವುಗಳನ್ನೇ ಮೊದಲು ಕೈಗೆತ್ತಿಕೊಳ್ಳಬೇಕು.

ಎರಡನೆಯದು ಕುಗ್ಗುವಿಕೆಯ ಪರೀಕ್ಷೆ. ಇದಕ್ಕೆ ದುಬಾರಿ ಉಪಕರಣ ಬೇಡ. ಉಕ್ಕಿನ ಅಳತೆಪಟ್ಟಿ ಸಾಕು. ಒಂದು ರಂಧ್ರದ ಅಂಚಿನಿಂದ ನೂರು ಫ್ರೇಮುಗಳಾಚೆಯ ರಂಧ್ರದ ಅದೇ ಅಂಚಿನವರೆಗೆ ಅಳೆಯಬೇಕು. ಸಾಮಾನ್ಯ 8 ಮಿ.ಮೀ. ಫಿಲ್ಮಿನಲ್ಲಿ ಈ ಉದ್ದ 381 ಮಿ.ಮೀ., ಸೂಪರ್ 8ರಲ್ಲಿ ಸುಮಾರು 423 ಮಿ.ಮೀ., 16 ಮಿ.ಮೀ. ಫಿಲ್ಮಿನಲ್ಲಿ 760ರಿಂದ 762 ಮಿ.ಮೀ. ಇರತಕ್ಕದ್ದು. ಸಾಮಾನ್ಯ 8ರ ಅಳತೆ 377ಕ್ಕೆ ಇಳಿದಿದ್ದರೆ ಫಿಲ್ಮು ಶೇ. 1ರಷ್ಟು ಕುಗ್ಗಿದೆ. ಅಂತಹ ಫಿಲ್ಮನ್ನು ಪ್ರೊಜೆಕ್ಟರಿಗಾಗಲೀ ಹಲ್ಲುಗಳಿಂದ ಎಳೆಯುವ ಯಂತ್ರಕ್ಕಾಗಲೀ ಏರಿಸಲಾಗದು. ಹಲ್ಲುಗಳಿಲ್ಲದೆ ರಬ್ಬರು ಉರುಳೆಗಳಿಂದ ಫಿಲ್ಮನ್ನು ಸಾಗಿಸುವ ಸ್ಕ್ಯಾನರ್ ಮಾತ್ರ ಅದಕ್ಕೆ ತಕ್ಕುದು.

ಮೂರನೆಯದಾಗಿ ಬೂಷ್ಟು, ಹರಿದ ರಂಧ್ರಗಳು ಹಾಗೂ ಹಳೆಯ ಜೋಡಣೆಗಳನ್ನು ಪರೀಕ್ಷಿಸಬೇಕು. ಚಿತ್ರವನ್ನು ಹೊತ್ತ ಲೇಪನವು ಜೆಲಟಿನ್‌ನದಾದ್ದರಿಂದ ಮಳೆಗಾಲದ ತೇವದಲ್ಲಿ ಬೂಷ್ಟು ಅದನ್ನೇ ತಿಂದು ಬೆಳೆಯುತ್ತದೆ. ಅಂಟಿನಿಂದ ಅಥವಾ ಟೇಪಿನಿಂದ ಮಾಡಿದ ಹಳೆಯ ಜೋಡಣೆಗಳು ಒಣಗಿ ಬಿಡುವುದು ಸಾಮಾನ್ಯ. ಇವೆಲ್ಲವನ್ನೂ ಕೈಯಿಂದ ಸುತ್ತುವ ಚರಕಿಯ ಮೇಲೆ ನಿಧಾನವಾಗಿ ಸಾಗಿಸಿ, ಬಟ್ಟೆಯ ಕೈಗವಸು ಧರಿಸಿ, ಅಂಚುಗಳನ್ನು ಮಾತ್ರ ಹಿಡಿದು ನೋಡಬೇಕು. ಪ್ರೊಜೆಕ್ಟರಿನಲ್ಲಿ ‘ಒಮ್ಮೆ ಓಡಿಸಿ ನೋಡೋಣ’ ಎಂಬ ಗ್ರಾಹಕರ ಕೋರಿಕೆಯನ್ನು ವಿನಯದಿಂದ ನಿರಾಕರಿಸುವುದೇ ಕ್ಷೇಮ.

ಸಂಸ್ಕರಣೆಯಾಗದ ಫಿಲ್ಮು ಬಂದಲ್ಲಿ ಅದರ ಡಬ್ಬಿಯನ್ನು ತೆರೆಯಲೇಬಾರದು. ಕೊಡಾಕ್ರೋಮ್ ಹೆಸರಿನದಾದರೆ ಗ್ರಾಹಕರಿಗೆ ವಾಸ್ತವವನ್ನು ತಿಳಿಸಬೇಕು: ಅದರ ತಯಾರಿಕೆ 2009ರಲ್ಲಿ ನಿಂತಿತು, ಅದನ್ನು ಬಣ್ಣದಲ್ಲಿ ಸಂಸ್ಕರಿಸುತ್ತಿದ್ದ ಕೊನೆಯ ಪ್ರಯೋಗಾಲಯವೂ 2010ರ ಡಿಸೆಂಬರ್ ಅಂತ್ಯಕ್ಕೆ ಫಿಲ್ಮು ಸ್ವೀಕರಿಸುವುದನ್ನು ನಿಲ್ಲಿಸಿತು.

ಮೂರನೆಯ ಪಾಠ: ಶುಚಿಗೊಳಿಸಿ ಸ್ಕ್ಯಾನ್ ಮಾಡುವುದು

ಒಣ ಧೂಳನ್ನು ಎಳೆ ಬಿಡದ ಮೃದು ಬಟ್ಟೆಯಿಂದ ತೆಗೆಯಬೇಕು. ಜಿಡ್ಡಿಗೆ ಶೇ. 99 ಶುದ್ಧತೆಯ ಐಸೊಪ್ರೊಪೈಲ್ ಆಲ್ಕೊಹಾಲನ್ನು, ಗಾಳಿಯಾಡುವ ಜಾಗದಲ್ಲಿ, ಬೆಂಕಿಯಿಂದ ದೂರವಿಟ್ಟು, ಫಿಲ್ಮಿನ ತುದಿಯಲ್ಲಿ ಪರೀಕ್ಷಿಸಿದ ನಂತರವೇ ಬಳಸಬೇಕು. ನೀರನ್ನು ಎಂದಿಗೂ ತಾಗಿಸಬಾರದು. ಜೆಲಟಿನ್ ಉಬ್ಬಿ ಕಿತ್ತುಬರುತ್ತದೆ. ಧ್ವನಿಪಟ್ಟಿಯುಳ್ಳ ಫಿಲ್ಮಿಗೆ ದ್ರವವನ್ನು ಬಳಸುವ ಮುನ್ನ ಇಮ್ಮಡಿ ಎಚ್ಚರ ಬೇಕು.

ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಚಿತ್ರ ಮೂಡಿಸಿ ಅದನ್ನು ವಿಡಿಯೋ ಕ್ಯಾಮೆರಾದಿಂದ ಹಿಡಿಯುವ ಪದ್ಧತಿ ಹಿಂದೆ ರೂಢಿಯಲ್ಲಿತ್ತು. ಪ್ರೊಜೆಕ್ಟರಿನ ವೇಗಕ್ಕೂ ಕ್ಯಾಮೆರಾದ ವೇಗಕ್ಕೂ ತಾಳೆಯಾಗದೆ ಚಿತ್ರ ಮಿನುಗುತ್ತದೆ, ಅಂಚುಗಳು ಮಸುಕಾಗುತ್ತವೆ, ಮೇಲಾಗಿ ದುರ್ಬಲ ಫಿಲ್ಮು ಯಂತ್ರದ ಎಳೆತಕ್ಕೂ ದೀಪದ ಶಾಖಕ್ಕೂ ಸಿಲುಕುತ್ತದೆ. ಇಂದು ಅನುಸರಿಸತಕ್ಕ ವಿಧಾನವೆಂದರೆ ತಂಪಾದ ಎಲ್‌ಇಡಿ ಬೆಳಕಿನಲ್ಲಿ ಒಂದೊಂದೇ ಫ್ರೇಮಿನ ಬಿಂಬವನ್ನು ಪ್ರತ್ಯೇಕವಾಗಿ ಹಿಡಿಯುವುದು.

ಮಾರುಕಟ್ಟೆಯಲ್ಲಿ ಮೇಜಿನ ಮೇಲಿಡುವ ಅಗ್ಗದ ಸ್ಕ್ಯಾನರುಗಳೂ ದೊರೆಯುತ್ತವೆ. ಅವುಗಳ ಮಿತಿಯನ್ನು ಅರಿತೇ ಕೊಳ್ಳಬೇಕು. ಅವು ಧ್ವನಿಯನ್ನು ಗ್ರಹಿಸುವುದಿಲ್ಲ. ಬಿಂಬವನ್ನು ಬಹಳವಾಗಿ ಅಡಕಗೊಳಿಸುತ್ತವೆ. ಕುಗ್ಗಿದ ಫಿಲ್ಮಿನಲ್ಲಿ ತಡೆದು ನಿಲ್ಲುತ್ತವೆ. ವೇಗ ಸೆಕೆಂಡಿಗೆ ಸುಮಾರು 2 ಫ್ರೇಮು. ಸೂಪರ್ 8ರಲ್ಲಿ ಅಡಿಗೆ 72 ಫ್ರೇಮುಗಳಿರುವುದರಿಂದ 50 ಅಡಿಯ ಸುರುಳಿಯಲ್ಲಿ 3,600 ಫ್ರೇಮುಗಳಾಗಿ, ಅದಕ್ಕೆ ಅರ್ಧ ಗಂಟೆ ಹಿಡಿಯುತ್ತದೆ. 400 ಅಡಿಯ ದೊಡ್ಡ ಸುರುಳಿಗೆ 4 ಗಂಟೆ. ಅಂದರೆ ಎಂಟು ಗಂಟೆಗಳ ಕೆಲಸದ ದಿನದಲ್ಲಿ ಅಂತಹ ಎರಡು ಸುರುಳಿಗಳಷ್ಟೇ ಮುಗಿಯುತ್ತವೆ. ಬಂಡವಾಳ ಹೂಡುವ ಮೊದಲು ಈ ಲೆಕ್ಕವನ್ನು ಪ್ರತಿಯೊಬ್ಬರೂ ಮಾಡಿಕೊಳ್ಳಬೇಕು. ಆರಂಭದಲ್ಲಿ ಸುರುಳಿಗಳ ಸ್ವೀಕಾರ, ಪರೀಕ್ಷೆ, ಶುಚಿಕಾರ್ಯಗಳನ್ನು ತಾವು ಮಾಡಿ, ಸ್ಕ್ಯಾನಿಂಗ್ ಕೆಲಸವನ್ನು ಉತ್ತಮ ಯಂತ್ರವುಳ್ಳ ಪ್ರಯೋಗಾಲಯಕ್ಕೆ ವಹಿಸುವುದೂ ಒಂದು ಮಾರ್ಗ. ಆಗ ಸುರುಳಿ ಹೊರಗೆ ಹೋಗುವ ವಿಷಯಕ್ಕೆ ಗ್ರಾಹಕರ ಲಿಖಿತ ಒಪ್ಪಿಗೆ ಅವಶ್ಯಕ.

ನಾಲ್ಕನೆಯ ಪಾಠ: ವೇಗ, ಬಣ್ಣ ಮತ್ತು ಧ್ವನಿ

ಹಳೆಯ ಚಿತ್ರಗಳಲ್ಲಿ ಜನರು ಗಡಿಬಿಡಿಯಿಂದ ಓಡಾಡುವಂತೆ ಕಾಣುವುದು ವೇಗದ ಹೊಂದಾಣಿಕೆ ತಪ್ಪಿದ್ದರಿಂದ. ಮೂಕ 8 ಮಿ.ಮೀ. ಚಿತ್ರಗಳ ಸಾಮಾನ್ಯ ವೇಗ ಸೆಕೆಂಡಿಗೆ 16 ಫ್ರೇಮು. ಸೂಪರ್ 8ರದು 18. ಧ್ವನಿಯುಳ್ಳ 16 ಮಿ.ಮೀ. ಚಿತ್ರದ್ದು 24. ಸಾಮಾನ್ಯ 8ರ 50 ಅಡಿ ಸುರುಳಿ ಸರಿಯಾದ ವೇಗದಲ್ಲಿ 4 ನಿಮಿಷ 10 ಸೆಕೆಂಡು ನಡೆಯಬೇಕು. ಸೂಪರ್ 8ರದು 3 ನಿಮಿಷ 20 ಸೆಕೆಂಡು. ಸಿದ್ಧವಾದ ಕಡತದ ಅವಧಿಯನ್ನು ಇದರೊಂದಿಗೆ ತಾಳೆ ನೋಡಿದರೆ ದೋಷ ಕೂಡಲೇ ತಿಳಿಯುತ್ತದೆ. 24 ಫ್ರೇಮಿನ ಕಡತ ಬೇಕಾದಲ್ಲಿ, 16ರ ಚಿತ್ರದಲ್ಲಿ ಎರಡಕ್ಕೊಂದು, 18ರ ಚಿತ್ರದಲ್ಲಿ ಮೂರಕ್ಕೊಂದು ಫ್ರೇಮನ್ನು ಪುನರಾವರ್ತಿಸಿದರೆ ಚಲನೆಯ ವೇಗ ಸಹಜವಾಗಿ ಉಳಿಯುತ್ತದೆ. ಮೂಲ ಕಡತದಲ್ಲಿ ಮಾತ್ರ ಯಾವ ಫ್ರೇಮನ್ನೂ ಸೇರಿಸಬಾರದು, ಬಿಡಲೂ ಬಾರದು.

ಕೊಡಾಕ್ರೋಮ್ ಫಿಲ್ಮು ಕತ್ತಲೆಯಲ್ಲಿಟ್ಟಾಗ ಬಣ್ಣವನ್ನು ಚೆನ್ನಾಗಿ ಕಾಯ್ದುಕೊಳ್ಳುತ್ತದೆ. ಬೇರೆ ಹಲವು ಬಣ್ಣದ ಫಿಲ್ಮುಗಳಲ್ಲಿ ವರ್ಣದ್ರವ್ಯಗಳು ಅಸಮವಾಗಿ ಕ್ಷೀಣಿಸಿ ಚಿತ್ರ ಕೆಂಪಗಾಗಿರುತ್ತದೆ. ಇದನ್ನು ಗಣಕಯಂತ್ರದಲ್ಲಿ ಒಂದು ಮಿತಿಯವರೆಗೆ ಸರಿಪಡಿಸಬಹುದು. ತಿದ್ದಿದ ಪ್ರತಿಯನ್ನು ಬೇರೆಯಾಗಿಯೇ ಕೊಡಬೇಕು. ತಿದ್ದದ ಪ್ರತಿಯನ್ನು ಅಳಿಸಬಾರದು. ಇಲ್ಲದ ವಿವರವನ್ನು ಊಹಿಸಿ ತುಂಬುವ ಇತ್ತೀಚಿನ ತಂತ್ರಾಂಶಗಳ ವಿಷಯದಲ್ಲಿ ಇದು ಇನ್ನೂ ಮುಖ್ಯ. ಅಜ್ಜಿಯ ಮುಖವು ನುಣುಪಾಗಿ, ಆದರೆ ಬೇರೆಯವರ ಮುಖದಂತೆ ಕಂಡರೆ ಅದು ಸುಧಾರಣೆಯಲ್ಲ.

ಕಾಂತೀಯ ಧ್ವನಿಯುಳ್ಳ ಸೂಪರ್ 8 ಫಿಲ್ಮಿನಲ್ಲಿ ಧ್ವನಿಯು ತನಗೆ ಸಂಬಂಧಿಸಿದ ಬಿಂಬಕ್ಕಿಂತ 18 ಫ್ರೇಮು ಮುಂದಿರುತ್ತದೆ. ಆದ್ದರಿಂದ ಜೋಡಣೆ ಕಡಿದ ಜಾಗದಲ್ಲಿ ಫಿಲ್ಮನ್ನು ಮತ್ತಷ್ಟು ಕತ್ತರಿಸಿದರೆ ಚಿತ್ರದೊಡನೆ ಬೇರೊಂದು ದೃಶ್ಯದ ಮಾತೂ ನಷ್ಟವಾಗುತ್ತದೆ.

ಐದನೆಯ ಪಾಠ: ಕಡತಗಳು ಮತ್ತು ಸಂರಕ್ಷಣೆ

ಗ್ರಾಹಕರಿಗೆ ಎರಡು ಬಗೆಯ ಕಡತಗಳನ್ನು ನೀಡುವುದು ಒಳ್ಳೆಯ ಪದ್ಧತಿ. ಒಂದು, ದಿನಬಳಕೆಯ ಎಂಪಿ4 ಕಡತ. ಸೆಕೆಂಡಿಗೆ 20 ಮೆಗಾಬಿಟ್ ದರದಲ್ಲಿ ಸೂಪರ್ 8ರ 50 ಅಡಿಗೆ ಸುಮಾರು 500 ಮೆಗಾಬೈಟ್ ಆಗುತ್ತದೆ. ಎರಡು, ಅಡಕಗೊಳಿಸದ ಅಥವಾ ನಷ್ಟವಿಲ್ಲದಂತೆ ಅಡಕಗೊಳಿಸಿದ ಮೂಲ ಕಡತ. 2,048 x 1,536 ಬಿಂದುಗಳ ಬಿಂಬವನ್ನು ಪ್ರತಿ ಬಿಂದುವಿಗೆ 4 ಬೈಟಿನಂತೆ ಉಳಿಸಿದರೆ ಅದೇ 50 ಅಡಿಗೆ ಸುಮಾರು 45 ಗಿಗಾಬೈಟ್ ಜಾಗ ಬೇಕು. 2021ರಲ್ಲಿ ಅಂತರಜಾಲ ತಾಂತ್ರಿಕ ದಾಖಲೆಯಾಗಿ ಪ್ರಕಟವಾದ ಎಫ್‌ಎಫ್‌ವಿ1 ಎಂಬ ಮುಕ್ತ ವಿಧಾನದಿಂದ ಯಾವ ವಿವರವೂ ಕಳೆಯದಂತೆ ಇದರ ಗಾತ್ರವನ್ನು ತಗ್ಗಿಸಬಹುದು.

ಕಡತವನ್ನು ಒಂದು ಪೆನ್‌ಡ್ರೈವಿನಲ್ಲಿ ಹಾಕಿ ಕೊಟ್ಟರೆ ಕೆಲಸ ಮುಗಿಯಿತೆಂದಲ್ಲ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಅವುಗಳಲ್ಲೊಂದು ಬೇರೆ ಊರಿನಲ್ಲಿ ಅಥವಾ ಬೇರೆ ಕಟ್ಟಡದಲ್ಲಿ ಎಂಬ ಸೂತ್ರವನ್ನು ಗ್ರಾಹಕರಿಗೆ ಮುದ್ರಿಸಿ ಕೊಡಬೇಕು. ಕೆಲವು ವರ್ಷಗಳಿಗೊಮ್ಮೆ ಹೊಸ ಡಿಸ್ಕಿಗೆ ವರ್ಗಾಯಿಸಬೇಕೆಂಬುದನ್ನೂ ತಿಳಿಸಬೇಕು.

ಎಲ್ಲಕ್ಕಿಂತ ಮಿಗಿಲಾಗಿ, ಸುರುಳಿಯನ್ನು ಎಸೆಯಬಾರದೆಂದು ಹೇಳಬೇಕು. ಈ ಶತಮಾನದ ಆರಂಭದಲ್ಲಿ ಅನೇಕರು ತಮ್ಮ ಸುರುಳಿಗಳನ್ನು ಡಿವಿಡಿಗೆ ವರ್ಗಾಯಿಸಿಕೊಂಡರು. ಆ ಡಿವಿಡಿಗಳ ಬಿಂಬ 720 x 576 ಬಿಂದುಗಳಷ್ಟೇ. ಸುರುಳಿ ಉಳಿಸಿಕೊಂಡವರು ಇಂದು ಅದಕ್ಕಿಂತ ಹಲವು ಪಟ್ಟು ಸ್ಪಷ್ಟವಾದ ಪ್ರತಿಯನ್ನು ಪಡೆಯಬಲ್ಲರು; ಎಸೆದವರಿಗೆ ಆ ಡಿವಿಡಿಯೇ ಗತಿ, ಅದು ಇನ್ನೂ ಓಡುವುದಾದರೆ. ಮುಂದೆ ಇಂದಿನ ಸ್ಕ್ಯಾನಿಗೂ ಇದೇ ಮಾತು ಅನ್ವಯಿಸೀತು.

ಆರನೆಯ ಪಾಠ: ಕಾನೂನು ಮತ್ತು ದರ

ಸುರುಳಿಯನ್ನು ಸ್ವೀಕರಿಸಿದ ಕ್ಷಣದಿಂದ ಉದ್ಯಮಿಯು ಪರರ ವಸ್ತುವಿನ ಪಾಲಕನಾಗುತ್ತಾನೆ. 1872ರ ಭಾರತೀಯ ಕರಾರು ಅಧಿನಿಯಮವು ಇದನ್ನು ಬೇಲ್‌ಮೆಂಟ್ ಎಂದು ಕರೆಯುತ್ತದೆ. ಸಾಮಾನ್ಯ ವಿವೇಕವುಳ್ಳ ವ್ಯಕ್ತಿಯು ಅಂತಹದೇ ಸಂದರ್ಭದಲ್ಲಿ ತನ್ನದೇ ಆದ, ಅಷ್ಟೇ ಮೌಲ್ಯದ ವಸ್ತುವಿನ ಬಗ್ಗೆ ವಹಿಸುವಷ್ಟು ಜಾಗ್ರತೆಯನ್ನು ವಹಿಸತಕ್ಕದ್ದೆಂದು 151ನೆಯ ಕಲಮು ವಿಧಿಸುತ್ತದೆ. ಆ ಜಾಗ್ರತೆ ವಹಿಸಿದ್ದಲ್ಲಿ, ವಿಶೇಷ ಕರಾರಿಲ್ಲದಿದ್ದರೆ, ನಷ್ಟಕ್ಕೆ ಹೊಣೆಯಿಲ್ಲವೆಂದು 152ನೆಯ ಕಲಮು ಹೇಳುತ್ತದೆ. ಜಾಗ್ರತೆ ವಹಿಸಿದ್ದನ್ನು ತೋರಿಸಲು ದಾಖಲೆ ಬೇಕು. ಆದುದರಿಂದ ರಸೀದಿಯಲ್ಲಿ ಕೆಳಕಂಡ ಅಂಶಗಳಿರಲಿ:

ಅ) ಸುರುಳಿಗಳ ಸಂಖ್ಯೆ, ಅಳತೆ, ಡಬ್ಬಿಯ ಮೇಲಿನ ಬರಹ ಹಾಗೂ ಛಾಯಾಚಿತ್ರ.

ಆ) ಸ್ವೀಕರಿಸಿದಾಗಿನ ಸ್ಥಿತಿ: ವಾಸನೆ, ಬೂಷ್ಟು, ಕುಗ್ಗುವಿಕೆ, ಹರಿತಗಳು.

ಇ) ಮಾಡಬೇಕಾದ ಕೆಲಸ, ಕಡತಗಳ ಸ್ವರೂಪ, ಹಿಂದಿರುಗಿಸುವ ದಿನಾಂಕ.

ಈ) ಚಿತ್ರದ ಯಾವ ಭಾಗವನ್ನೂ ಜಾಹೀರಾತಿಗಾಗಲೀ ಬೇರೆ ಯಾವುದಕ್ಕಾಗಲೀ ಅನುಮತಿಯಿಲ್ಲದೆ ಬಳಸುವುದಿಲ್ಲವೆಂಬ ಭರವಸೆ ಮತ್ತು ಸ್ಟುಡಿಯೋದಲ್ಲಿನ ಪ್ರತಿಯನ್ನು ಅಳಿಸುವ ಅವಧಿ.

ಕೆಲಸದ ಸಂಭಾವನೆ ಬರುವವರೆಗೆ ಸುರುಳಿಯನ್ನು ತಡೆದಿಡುವ ಹಕ್ಕನ್ನು 170ನೆಯ ಕಲಮು ನೀಡುತ್ತದೆ. ಅದು ತಡೆದಿಡುವ ಹಕ್ಕು ಮಾತ್ರ. ಮಾರುವ ಇಲ್ಲವೇ ವಿಲೇವಾರಿ ಮಾಡುವ ಹಕ್ಕಲ್ಲ. ಸೇವೆಯಲ್ಲಿನ ನ್ಯೂನತೆಗೆ ಗ್ರಾಹಕರು 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದಡಿ ಆಯೋಗದ ಮೊರೆ ಹೋಗಬಹುದೆಂಬುದನ್ನೂ ನೆನಪಿಡತಕ್ಕದ್ದು. ಡಬ್ಬಿಗಳ ನಡುವೆ ವಾಣಿಜ್ಯ ಚಲನಚಿತ್ರದ ಪ್ರತಿ ಕಂಡುಬಂದರೆ ಹಕ್ಕುದಾರರ ಅನುಮತಿಯಿಲ್ಲದೆ ನಕಲು ಮಾಡಬಾರದು. 1957ರ ಕೃತಿಸ್ವಾಮ್ಯ ಅಧಿನಿಯಮದಂತೆ ಚಲನಚಿತ್ರದ ಹಕ್ಕು ಪ್ರಕಟಣೆಯ ಮರುವರ್ಷದಿಂದ 60 ವರ್ಷಗಳವರೆಗೆ ಇರುತ್ತದೆ.

ದರವನ್ನು ಸುರುಳಿಯ ಲೆಕ್ಕದಲ್ಲಿ ನಿಗದಿಪಡಿಸುವುದು ಲಾಭಕರವಲ್ಲ. 3 ಅಂಗುಲದ 8 ಮಿ.ಮೀ. ಸುರುಳಿಯಲ್ಲಿ 50 ಅಡಿ, 5 ಅಂಗುಲದ್ದರಲ್ಲಿ 200 ಅಡಿ, 7 ಅಂಗುಲದ್ದರಲ್ಲಿ 400 ಅಡಿ ಫಿಲ್ಮು ಹಿಡಿಯುತ್ತದೆ. ಹೀಗಾಗಿ ಅಡಿಯ ಲೆಕ್ಕವೇ ನ್ಯಾಯ. ಪರೀಕ್ಷೆ, ಶುಚಿಕಾರ್ಯ, ಜೋಡಣೆ ದುರಸ್ತಿಗಳಿಗೆ ಪ್ರತ್ಯೇಕ ದರವಿರಲಿ. ಏಕೆಂದರೆ ಸಮಯವೂ ಕೌಶಲವೂ ವ್ಯಯವಾಗುವುದು ಅಲ್ಲಿಯೇ. ಈ ಭಾಗವನ್ನು ಉಚಿತವೆಂದು ಘೋಷಿಸಿದವರು ಕ್ರಮೇಣ ಅದನ್ನು ಅವಸರದಿಂದ ಮಾಡತೊಡಗುತ್ತಾರೆ. ಹಾನಿ ಸಂಭವಿಸುವುದೂ ಆಗಲೇ.

ಉಪಸಂಹಾರ

ಇದು ಎಂದೆಂದಿಗೂ ನಡೆಯುವ ವ್ಯವಹಾರವಲ್ಲ. ಸುರುಳಿಗಳ ಸಂಖ್ಯೆ ಮಿತವಾದದ್ದು. ಪ್ರತಿ ಮಳೆಗಾಲವೂ ಅವುಗಳಲ್ಲಿ ಕೆಲವನ್ನು ಕಡಿಮೆ ಮಾಡುತ್ತದೆ. ಚಿತ್ರದಲ್ಲಿರುವವರು ಯಾರೆಂದು ಹೆಸರಿಟ್ಟು ಹೇಳಬಲ್ಲ ಹಿರಿಯರೂ ಒಬ್ಬೊಬ್ಬರಾಗಿ ಕಡಿಮೆಯಾಗುತ್ತಿದ್ದಾರೆ. ಆದ್ದರಿಂದ ಕಡತವನ್ನು ಒಪ್ಪಿಸುವಾಗ, ಮನೆಯ ಹಿರಿಯರನ್ನು ಕೂರಿಸಿಕೊಂಡು ನೋಡಿ, ವ್ಯಕ್ತಿಗಳ ಹೆಸರು, ಸ್ಥಳ, ವರ್ಷಗಳನ್ನು ಬರೆದಿಡುವಂತೆ ಗ್ರಾಹಕರಿಗೆ ಒಂದು ಖಾಲಿ ಪಟ್ಟಿಯನ್ನೂ ಕೊಡುವುದು ಉಚಿತ. ಇದಕ್ಕೆ ಬೇಕಾದದ್ದು ಒಂದು ಹಾಳೆ ಕಾಗದ ಮಾತ್ರ.

ಸದಸ್ಯ ಸಂಸ್ಥೆಗಳು ಮೊದಲ ಹೆಜ್ಜೆಯಾಗಿ ತಮ್ಮದೇ ಕಚೇರಿ, ಗೋದಾಮುಗಳಲ್ಲಿರುವ ಫಿಲ್ಮು ಡಬ್ಬಿಗಳ ಪಟ್ಟಿಯನ್ನು ಸಿದ್ಧಪಡಿಸಲಿ. ಈ ಸೇವೆಯನ್ನು ಕೈಗೊಳ್ಳಬಯಸುವ ಸ್ಟುಡಿಯೋ ಉದ್ಯಮಿಗಳು ಗ್ರಾಹಕರ ಸುರುಳಿಯನ್ನು ಮುಟ್ಟುವ ಮುನ್ನ ತಮ್ಮ ಸ್ವಂತದ, ಇಲ್ಲವೇ ಗುಜರಿಯಲ್ಲಿ ಸಿಗುವ ನಿರುಪಯುಕ್ತ ಫಿಲ್ಮಿನ ಮೇಲೆ ಮೇಲಿನ ಪಾಠಗಳನ್ನು ಅಭ್ಯಾಸ ಮಾಡಲಿ. ಒಪ್ಪಿಸಿಕೊಂಡ ಸುರುಳಿಯನ್ನು ತಂದಾಗ ಇದ್ದ ಸ್ಥಿತಿಗಿಂತ ಕೆಡದಂತೆ ಹಿಂದಿರುಗಿಸಬಲ್ಲೆವೆಂಬ ಖಾತರಿ ತಮಗೇ ಆದ ದಿನ ಅಂಗಡಿಯ ಮುಂದೆ ಫಲಕ ಹಾಕಬಹುದು.